ನನ್ನ ಸ್ಲೈಡುಗಳನ್ನು ಕೇಳಿದ ಮೇಷ್ಟ್ರು

ಸ್ಲೈಡು ಮಾಡಲು ಕುಳಿತಾಗ ನಾನು ಮೊದಲು ಆರಿಸುವುದು ಬಣ್ಣವನ್ನು, ಆಮೇಲೆ ಅಕ್ಷರಗಳು ಹಾರಿ ಬರಬೇಕಾದ ದಿಕ್ಕನ್ನು, ಕೊನೆಗೆ ಸಮಯ ಉಳಿದರೆ ವಿಷಯವನ್ನು. ಮದ್ದೂರಿನ ನಮ್ಮ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುವುದು ನನ್ನ ವೃತ್ತಿ. ಇಡೀ ಸ್ಟಾಫ್ ರೂಮಿಗೆ ಸ್ಲೈಡು ಮಾಡಿಕೊಡುವುದು ಯಾರೂ ವಹಿಸದೆ ನಾನೇ ವಹಿಸಿಕೊಂಡ ಘನಕಾರ್ಯ. ನನ್ನ ಶೀರ್ಷಿಕೆಗಳು ಗಿರಗಿರನೆ ತಿರುಗಿ ಬಂದು ನಿಲ್ಲುವುದನ್ನು ನೋಡಿ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಪಾಠ ಏನೆಂದು ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅದು ಅವರ ಏಕಾಗ್ರತೆಯ ಕೊರತೆ ಎಂದೇ ನಾನು ನಂಬಿದ್ದೆ.

ಈ ಕೀರ್ತಿಗೆ ಕುಂದು ತಂದವರು ಸಮಾಜ ವಿಜ್ಞಾನದ ನಿಂಗರಾಜು ಮೇಷ್ಟ್ರು. ಕೆರಗೋಡಿನವರು, ಹುಟ್ಟಿನಿಂದ ಕಣ್ಣು ಕಾಣದವರು. ಇನ್ನು ಮುಂದೆ ಪಾಠಗಳೆಲ್ಲ ಸ್ಲೈಡಿನಲ್ಲೇ ಆಗಬೇಕೆಂದು ತೀರ್ಮಾನವಾದಾಗ ಶಿಕ್ಷಣ ಇಲಾಖೆಯ ಸಾಹೇಬರು, ಕಾಣದವರು ಪರದೆ ತೋರಿಸಿ ಪಾಠ ಮಾಡುವುದುಂಟೆ, ಗ್ರಂಥಾಲಯ ನೋಡಿಕೊಂಡಿರಲಿ ಎಂದುಬಿಟ್ಟರು. ಹನ್ನೆರಡು ವರ್ಷ ತರಗತಿಯಲ್ಲೇ ಬದುಕಿದ ಮೇಷ್ಟ್ರು ಜಗಳವಾಡಿ ಒಂದು ಅವಕಾಶ ಗಿಟ್ಟಿಸಿದರು: ಸೋಮವಾರ ಸಾಹೇಬರ ಎದುರು ಶಿಂಷಾ ನದಿಯ ಪಾಠ. ಗೆದ್ದರೆ ತರಗತಿ, ಸೋತರೆ ಪುಸ್ತಕದ ಬೀರುವಿನ ಬೀಗದ ಕೈ. ಸ್ಲೈಡು ನನ್ನದು.

ಶುಕ್ರವಾರ ಕಳಿಸಿ ನಿಶ್ಚಿಂತಳಾದೆ. ಶನಿವಾರ ಅವರು ಲ್ಯಾಪ್‌ಟಾಪು ತಂದು ನನ್ನೆದುರು ಇಟ್ಟರು. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ ಅದರಲ್ಲಿತ್ತು. ನನ್ನ ಕಲಾಕೃತಿಯನ್ನು ಅದು ‘ಚಿತ್ರ ಒಂದು, ಚಿತ್ರ ಎರಡು, ಚಿತ್ರ ಮೂರು’ ಎಂದು ಹಾಜರಿ ಕೂಗಿ ಮುಗಿಸಿತು. ಚೆಂದ ಕಾಣಲೆಂದು ಅಕ್ಷರಗಳನ್ನೂ ಚಿತ್ರವಾಗಿಯೇ ಅಂಟಿಸಿದ್ದೆನಲ್ಲ. ನಡುವೆ ಒಂದೇ ಒಂದು ವಾಕ್ಯವನ್ನು ಮಾತ್ರ ಬಹಳ ಸ್ಪಷ್ಟವಾಗಿ ಓದಿತು: ‘ಸಾಹೇಬರಿಗೆ ಪಾಠಕ್ಕಿಂತ ಬೋಂಡ ಬೇಗ ಅರ್ಥವಾಗುತ್ತದೆ.’ ಹಿಂದೆಂದೋ ತಮಾಷೆಗೆ ಬರೆದು, ಅಳಿಸಲು ಸೋಮಾರಿತನವಾಗಿ, ಮೇಲೆ ನದಿಯ ಚಿತ್ರ ಹೊದಿಸಿದ್ದೆ. ಓದುಗ ಮಹಾಶಯರೇ, ನನ್ನ ಕಿವಿ ಬಿಸಿಯಾಯಿತು.

“ಕಣ್ಣಿದ್ದೋರಿಗೆ ಮುಚ್ಚುದ್ರೆ ಸಾಕು ಮೇಡಂ, ನಮ್ಗೆ ಅಳಿಸ್ಬೇಕಾಯ್ತದೆ,” ಎಂದರು ಮೇಷ್ಟ್ರು. “ಬುಡಿ, ನಾನ್ ಯಾರ್ಗೂ ಯೋಳಕಿಲ್ಲ. ಚಿತ್ರದಾಗೆ ಏನದೆ ಅಂತ ಒಂದೊಂದಕ್ಕೂ ಬರ್ಕೊಡಿ.”

ಶರಣಾಗಿ ಬರೆಯಲು ಕುಳಿತೆ. ‘ರಮಣೀಯ ಶಿಂಷೆ’ ಎಂದೆ.

“ರಮಣೀಯ ಇಟ್ಕಂಡು ನಾನೇನ್ ಮಾಡ್ಲಿ? ನೀರು ಎತ್ತಗೆ ಓಯ್ತದೆ ಯೋಳಿ.”

ಆಗ ಮೊದಲ ಬಾರಿಗೆ ನನ್ನ ಚಿತ್ರವನ್ನು ನಾನೇ ನೋಡಿದೆ. ದಡದಲ್ಲಿ ಚೂಪು ತುದಿಯ ಮರಗಳು, ಹಿಂದೆ ಒಂದು ಹಿಮದ ಬೆಟ್ಟ. ಇಪ್ಪತ್ತು ವರ್ಷದಿಂದ ಮದ್ದೂರಿನ ಸೇತುವೆ ದಾಟುತ್ತಿದ್ದೇನೆ. ಹಿಮ ಕಂಡ ನೆನಪಿಲ್ಲ. ಇಂಟರ್ನೆಟ್ಟು ಕೊಟ್ಟಿತು, ನಾನು ಅಂಟಿಸಿದೆ, ಅಷ್ಟೆ. ವಿಷಯ ತಿಳಿಸಿದಾಗ ಮೇಷ್ಟ್ರು ಮೇಜು ಹಿಡಿದು ನಕ್ಕರು. “ನಮ್ಮ ಐಕ್ಳು ಸ್ವೆಟರ್ ಹಾಕ್ಕಂಡು ಪಾಠ ಕೇಳ್ಬೇಕಾಗಿತ್ತು.”

ಭಾನುವಾರವಿಡೀ ದುಡಿದೆ. ಸೇತುವೆಯ ಮೇಲೆ ನಿಂತು ಫೋಟೋ ತೆಗೆದೆ, ಅಕ್ಷರಗಳನ್ನು ಅಕ್ಷರಗಳಾಗಿಯೇ ಬರೆದೆ, ಬಿಳಿಯ ಮೇಲೆ ಕಪ್ಪು ಮಾತ್ರ ಉಳಿಸಿದೆ, ಬೋಂಡದ ವಾಕ್ಯವನ್ನು ಬೇರುಸಹಿತ ಕಿತ್ತೆ. ಹಾರುವ ಶೀರ್ಷಿಕೆಗಳನ್ನು ನೆಲಕ್ಕಿಳಿಸುವ ಮೊದಲು ಕೊನೆಯದಾಗಿ ಒಂದು ಸಲ ಗಿರಗಿರನೆ ತಿರುಗಿಸಿ ನೋಡಿದ್ದು ನಿಜ.

ಸೋಮವಾರ ಸಾಹೇಬರು ಮುಂದಿನ ಬೆಂಚಿನಲ್ಲಿ ಕುಳಿತರು. ಮೇಷ್ಟ್ರ ಒಂದು ಕಿವಿಗೆ ತಂತ್ರಾಂಶದ ದನಿ, ಇನ್ನೊಂದಕ್ಕೆ ಮಕ್ಕಳ ಪ್ರಶ್ನೆ. ಮೇಷ್ಟ್ರು ಶಿಂಷೆಯನ್ನು ಮದ್ದೂರು ದಾಟಿಸಿ ಮಳವಳ್ಳಿಯತ್ತ ಕರೆದೊಯ್ಯತೊಡಗಿದರು. ಹತ್ತು ನಿಮಿಷವಾಗಿರಬೇಕು, ಸಾಹೇಬರು ಕಣ್ಣು ಮುಚ್ಚಿದರು. ಮೇಷ್ಟ್ರಿಗೆ ಅದು ತಿಳಿಯುವಂತಿಲ್ಲ, ಹುರುಪಿನಿಂದ ಹೇಳುತ್ತಲೇ ಇದ್ದರು. ಒಬ್ಬರ ಬದುಕು ತಕ್ಕಡಿಯಲ್ಲಿದ್ದಾಗ ಈ ಮನುಷ್ಯ ನಿದ್ದೆ ಹೊಡೆಯುತ್ತಾನಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಗಂಟೆ ಹೊಡೆಯಿತು. “ಸುಸ್ತಾಗಿತ್ತೇನೋ ಸಾರ್,” ಎಂದೆ, ಸಾಕಷ್ಟು ವಿಷ ಬೆರೆಸಿ.

“ಇಲ್ಲಮ್ಮ, ಬೇಕಂತ್ಲೇ ಮುಚ್ಕೊಂಡಿದ್ದೆ. ಕಾಣದೆ ಎಷ್ಟು ತಿಳಿಯುತ್ತೆ ನೋಡೋಣ ಅಂತ.” ಸಾಹೇಬರು ಎದ್ದರು. “ನದಿ ಕಾವೇರಿ ಸೇರೋವರ್ಗೂ ಜೊತೇಲಿದ್ದೆ. ತರಗತಿ ನಿಮ್ದೇ ಮೇಷ್ಟ್ರೇ.”

ನಿಂಗರಾಜು ಮೇಷ್ಟ್ರು ಕಪ್ಪುಹಲಗೆಯ ಕಡೆ ತಿರುಗಿ, ಜೇಬಿನಲ್ಲಿ ಕರವಸ್ತ್ರಕ್ಕಾಗಿ ತಡಕಾಡಿದರು. ನನ್ನದನ್ನಾದರೂ ಕೊಡೋಣವೆಂದರೆ, ಅದು ಆಗಲೇ ಒದ್ದೆಯಾಗಿತ್ತು.