ಪ್ರೊಫೆಸರ್ ಹಾರ್ಲನ್‌ಗೊಂದು ಯೋಯಿಕ್

ಅಮೆರಿಕದ ರಾಕ್‌ವಿಲ್‌ನ ಮಾರಿತ್ ಅಜ್ಜಿಗೆ ಒಬ್ಬನ ಮೇಲೆ ಹಗೆಯಿತ್ತು. ಅದನ್ನವರು ಮುಚ್ಚಿಡುತ್ತಲೂ ಇರಲಿಲ್ಲ. ಪ್ರೊಫೆಸರ್ ಹಾರ್ಲನ್ ಹೆಸರೆತ್ತಿದರೆ ಸಾಕು, ಕೈಯಲ್ಲಿದ್ದ ಪಾತ್ರೆ ದಡಾರೆಂದು ಸಿಂಕಿಗೆ ಬೀಳುತ್ತಿತ್ತು.

ಅಜ್ಜಿ ನಾರ್ವೆಯ ಉತ್ತರದ ತುದಿಯ ಸಾಮಿ ಜನರವರು. ಅಲ್ಲಿ ಮಗು ಹುಟ್ಟಿದರೆ ಹೆತ್ತವರು ಅದಕ್ಕೆಂದೇ ಒಂದು ಹಾಡು ಕಟ್ಟುತ್ತಾರೆ. ಅದೇ ಯೋಯಿಕ್. ಅದು ಕಟ್ಟಿದವರದ್ದಲ್ಲ, ಯಾರಿಗೆ ಕಟ್ಟಿದ್ದೋ ಅವರದ್ದು. ಬೇಡವೆಂದರೂ ಬಿಡುವುದಿಲ್ಲ, ಸತ್ತ ಮೇಲೂ ಅವರದ್ದೇ.

ಮಾರಿತ್‌ಗೆ ಅವರಮ್ಮ ಕಟ್ಟಿದ್ದನ್ನು ಈ ಹಾರ್ಲನ್ ಸಂಶೋಧನೆಯ ನೆಪದಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ, ತನ್ನ ಹೆಸರಿನ ಆಲ್ಬಮ್ಮಿಗೆ ಸೇರಿಸಿದ. ಕೇಳಿದರೆ, ಜಾನಪದ ಯಾರಪ್ಪನ ಸ್ವತ್ತೂ ಅಲ್ಲ ಎಂದ. ಹೊಟ್ಟೆ ಉರಿಯದೆ ಇರುತ್ತದೆಯೇ?

2023ರಲ್ಲಿ ವಾಷಿಂಗ್ಟನ್‌ನಲ್ಲಿ ಅವನಿಗೆ ಸನ್ಮಾನ. ಸಾಂಪ್ರದಾಯಿಕ ಉಡುಪಿನಲ್ಲಿ ಬಂದು ಹಾಡಬೇಕೆಂದು ಅಜ್ಜಿಗೂ ಕರೆ ಬಂತು. ಮೈಸೂರಿನ ಸೊಸೆ ರಚನಾ ಬೇಡವೆಂದಳು. ಅಜ್ಜಿ ನೀಲಿ ಉಡುಪನ್ನು ಆಗಲೇ ಇಸ್ತ್ರಿ ಮಾಡುತ್ತಿದ್ದರು. ರಚನಾ ಕಾರು ತೆಗೆದಳು. ಹಿಂದಿನ ಸೀಟಿನಲ್ಲಿ ಮೊಮ್ಮಗಳು ಮಾನ್ಯಾ. ಅವಳಿಗೆ ಸಾಮಿ ಭಾಷೆ ಕಲಿಸಲು ಅಜ್ಜಿ ಪಟ್ಟ ಪಾಡು ಅಷ್ಟಿಷ್ಟಲ್ಲ, ಸಾಮಿಯಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ಇಂಗ್ಲಿಷಿನಲ್ಲೇ.

ವೇದಿಕೆಯಲ್ಲಿ ಅಜ್ಜಿ ಮೈಕ್ ಹಿಡಿದು, "ಇದು ಪ್ರೊಫೆಸರಿಗೆಂದೇ ಕಟ್ಟಿದ ಯೋಯಿಕ್" ಎಂದರು. ಅದೆಂಥ ಗೌರವವೆಂದು ಬಲ್ಲ ಹಾರ್ಲನ್ ಉಬ್ಬಿಹೋಗಿ ಎದ್ದು ನಿಂತು, ಎದೆಗೆ ಕೈಯಿಟ್ಟು ತಲೆಬಾಗಿಸಿದ. ಎಲ್ಲರೂ ಫೋನ್ ಎತ್ತಿ ರೆಕಾರ್ಡ್ ಮಾಡತೊಡಗಿದರು. ಅಜ್ಜಿ ಹಾಡಿದರು: ಖಾಲಿ ಬಾಯಿ, ತುಂಬಿದ ಚೀಲ, ತೊಟ್ಟಿಲಿಗೆ ಕೈಹಾಕಿದ ಮುದಿ ಕಾಗೆ.

ಸಭೆಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಹಾರ್ಲನ್ ಸಾಮಿ ಓದಿದವನು. ಮುಖ ಬಿಳಿಚಿಕೊಂಡಿತು. ಚಪ್ಪಾಳೆಯ ನಡುವೆ ಹತ್ತಿರ ಬಂದು, ಅದನ್ನು ವಾಪಸ್ ತೆಗೆದುಕೊಳ್ಳಿ ಎಂದು ಪಿಸುಗುಟ್ಟಿದ.

"ನಂದಲ್ವಲ್ಲ, ನಿಮ್ಮದು" ಎಂದರು ಅಜ್ಜಿ. ಆ ಮಾತು ಹೇಳುವಾಗ ಅವರಿಗೆ ಅಮೃತ ಕುಡಿದಷ್ಟು ಹಿತವಾಯಿತು.

ಮನೆಗೆ ಹೊರಟಾಗ ರಚನಾ ಅರ್ಥ ಕೇಳಿದಳು. ಅಜ್ಜಿ ಹೇಳಿದರು. ಹಿಂದಿನಿಂದ ಮಾನ್ಯಾ, "ಅಮ್ಮಾ, ಅಜ್ಜಿ ಅವನ್ನ ಫುಲ್ ರೋಸ್ಟ್ ಮಾಡಿದ್ರು. ನಂಗೂ ಬೇಕು ಅದು. ಅಜ್ಜಿ, ಟೀಚ್ ಮಿ" ಎಂದಳು.

ಲಾಲಿಗೆ ಬಗ್ಗದ ನಾಲಿಗೆ ಬೈಗುಳಕ್ಕೆ ಬಗ್ಗಿತು. ಬೆಲ್ಟ್‌ವೇ ವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಅಜ್ಜಿ ಒಂದೊಂದೇ ಪದ ತಿದ್ದಿದರು, ಮನೆ ತಲುಪುವಷ್ಟರಲ್ಲಿ ಮಾನ್ಯಾ ತಪ್ಪಿಲ್ಲದೆ ಹಾಡಿದಳು. ಹಾರ್ಲನ್ ಸತ್ತು ಎಷ್ಟೋ ವರ್ಷಗಳಾದ ಮೇಲೂ ಇದನ್ನು ಹಾಡಲು ಒಬ್ಬಳಿರುತ್ತಾಳೆ ಎಂದುಕೊಂಡು ಅಜ್ಜಿ ಸೀಟ್‌ಬೆಲ್ಟ್ ಬಿಚ್ಚಿದರು.