ರಹಮತ್ತನ ಬರ್ಮಾ ಹೆಂಡತಿ ಪಟೇಲರಿಗೆ ಹೇಳಿದ ಮಾತು

೧೯೪೨ರ ಬೇಸಿಗೆಯಲ್ಲಿ ನಾನು ಮೈಸೂರಿನ ಒಂದು ದಿನಪತ್ರಿಕೆಗೆ ಹುಣಸೂರಿನ ಬಾತ್ಮೀದಾರನಾಗಿದ್ದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಸುದ್ದಿ ನನ್ನ ಪಾಲಿಗೆ ಬರುತ್ತಿತ್ತು. ಒಂದು ಸೈಕಲ್ಲು ಮತ್ತು ಪ್ರೆಸ್ ಟೆಲಿಗ್ರಾಂ ಕಳಿಸುವ ಅನುಮತಿ, ಇವೆರಡೇ ನನ್ನ ಸಲಕರಣೆ. ಪ್ರೆಸ್ ಟೆಲಿಗ್ರಾಂ ಎಂದರೆ ಪತ್ರಿಕೆಗಳಿಗೆ ಕಡಿಮೆ ದರದಲ್ಲಿ ಸಿಗುತ್ತಿದ್ದ ತಂತಿ. ಅದು ಇಂಗ್ಲಿಷಿನಲ್ಲೇ ಹೋಗಬೇಕಿತ್ತು. ಹಳ್ಳಿಯವನು ಆಡಿದ ಮಾತನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಕಳಿಸುತ್ತಿದ್ದೆ. ಮೈಸೂರಿನಲ್ಲಿ ಇನ್ನೊಬ್ಬರು ಅದನ್ನು ಮತ್ತೆ ಕನ್ನಡ ಮಾಡುತ್ತಿದ್ದರು.

ಆ ವರ್ಷದ ಸುದ್ದಿಯೆಲ್ಲ ಭಯದ ಸುದ್ದಿ. ರಂಗೂನು ಜಪಾನೀಯರ ಕೈ ಸೇರಿತ್ತು. ಪೂರ್ವ ಕರಾವಳಿಯ ಬಂದರುಗಳ ಮೇಲೆ ಬಾಂಬು ಬಿದ್ದಿತ್ತು. ಮದರಾಸಿನ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಮೈಸೂರಿಗೆ ಬಂದಿದ್ದವು. ಪತ್ರಿಕೆಗಳು ಏನನ್ನು ಅಚ್ಚು ಮಾಡಬಹುದೆಂದು ಮೊದಲೇ ನೋಡಿ ತಡೆಯುವ ಸೆನ್ಸಾರ್ ಇತ್ತು. ಅಚ್ಚಾಗದ್ದೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಬೆಳೆಯುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಅದೇ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಪಕ್ಕದ ಬೆಂಚಿನವನೊಬ್ಬ, "ಪಿರಿಯಾಪಟ್ಟಣದ ರಸ್ತೇಲಿ ಒಬ್ಬಳು ಜಪಾನಿನೋಳು ಸಿಕ್ಕವಳಂತೆ ಕಣ್ಲಾ, ಗೂಢಚಾರ್ಳಂತೆ" ಎಂದ. ಅವನು ಹೇಳುತ್ತಿದ್ದ ಹೆಂಗಸು ಯಾರೆಂದು ನನಗೆ ಗೊತ್ತಿತ್ತು.

ಮೂರು ವಾರ ಮುಂಚೆ ನಾನು ಅವಳನ್ನು ನೋಡಿದ್ದೆ. ಆ ರಸ್ತೆಯ ಒಂದು ಹಳ್ಳಿಯಲ್ಲಿ ಗಾಡಿಚಕ್ರ ಮಾಡುವ ಮುಸ್ಲಿಂ ಮನೆತನವೊಂದಿದೆ. ಆ ಮನೆಯ ಮಗ ರಹಮತ್ ಹತ್ತು ವರ್ಷದ ಹಿಂದೆ ರಂಗೂನಿಗೆ ಹೋಗಿ ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅಲ್ಲಿಯೇ ಬರ್ಮಾದ ಹುಡುಗಿಯೊಬ್ಬಳನ್ನು ನಿಕಾಹ್ ಆದ. ಅವಳ ಹುಟ್ಟುಹೆಸರು ಮಾ ಸೇನ್, ಮದುವೆಯ ನಂತರದ ಹೆಸರು ಸಕೀನಾ. ಬಾಂಬುದಾಳಿಯಲ್ಲಿ ಮನೆ ಸುಟ್ಟುಹೋದ ಮೇಲೆ ಗಂಡಹೆಂಡಿರು ಪುಟ್ಟ ಮಗಳನ್ನು ಹೊತ್ತುಕೊಂಡು ಕಾಡುದಾರಿಯಲ್ಲಿ ನಡೆದು ಬಂದಿದ್ದರು. ಹೊಳೆ ದಾಟುವಾಗ ಅವರ ಕಾಗದಪತ್ರ ನೀರು ಪಾಲಾಗಿತ್ತು. ಸಕೀನಾಳಿಗೆ ಕನ್ನಡ ಬರುತ್ತಿರಲಿಲ್ಲ. ಉರ್ದು ಬರುತ್ತಿದ್ದದ್ದೂ ನಾಲ್ಕಾರು ಮಾತು ಮಾತ್ರ. ಗಂಡ ಅವಳೊಡನೆ ಬರ್ಮೀ ಭಾಷೆಯಲ್ಲೇ ಮಾತಾಡುತ್ತಿದ್ದ. ನಾನು ಅವರ ವಿಷಯ ಎರಡು ಸಾಲು ಬರೆದೆ, ಅಚ್ಚಾಯಿತು. ಅಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದೆ.

ಪೊಲೀಸ್ ಠಾಣೆಗೆ ಹೋದೆ. ಅಲ್ಲಿನ ದಫೇದಾರರು, ಅಂದರೆ ಈಗಿನ ಹೆಡ್ ಕಾನ್‌ಸ್ಟೇಬಲ್, ನನಗೆ ಪರಿಚಿತರು. ರಹಮತ್ತನನ್ನು ಆಗಲೇ ವಿಚಾರಣೆಗೆಂದು ಕರೆತಂದು ತಾಲ್ಲೂಕಿನ ಅಧಿಕಾರಿ ಅಮಲ್ದಾರರ ಕಚೇರಿಯಲ್ಲಿ ಕೂರಿಸಿದ್ದರು.

"ಅವನ ಚಿಂತೆ ಇಲ್ಲ, ಈ ನೆಲದಲ್ಲೇ ಹುಟ್ಟಿದೋನು. ಹೆಂಡತಿದೇ ತಲೆನೋವು" ಎಂದರು ದಫೇದಾರರು. "ಅವಳು ಬರ್ಮಾದೋಳು ಅನ್ನೋಕೆ ಒಂದು ಚೀಟಿ ಇಲ್ಲ. ಊರಿನ ಪಟೇಲ್ರ ಹೇಳಿಕೆ ತಗೊಂಡು ಬಾ ಅಂತ ಅಮಲ್ದಾರ್ ಸಾಹೇಬ್ರ ಹುಕುಂ. ಪಟೇಲ್ರು 'ಇವಳು ಊರಿಗೆ ಬೇಡ' ಅಂದ್ರೆ ಇವತ್ತೇ ಮೈಸೂರಿಗೆ ಸಾಗಿಸ್ತೀವಿ. ಅಲ್ಲಿಂದ ಶತ್ರುದೇಶದವರ ಶಿಬಿರಕ್ಕೆ."

"ಮಗು?" ಎಂದು ಕೇಳಿದೆ.

"ಮಗು ಅಪ್ಪಂದು ಸ್ವಾಮಿ. ಇಲ್ಲೇ ಇರ್ತದೆ."

ಹೆಂಗಸು ಗಂಡನನ್ನೂ ಮಗುವನ್ನೂ ಬಿಟ್ಟು, ಒಬ್ಬರಿಗೂ ಅವಳ ಮಾತು ತಿಳಿಯದ ಕಡೆಗೆ ಹೋಗಬೇಕು. ಎಲ್ಲವೂ ನಿಂತದ್ದು ಪಟೇಲ್ ಸಿದ್ದೇಗೌಡರ ಒಂದು ಮಾತಿನ ಮೇಲೆ. ಪತ್ರಿಕೆಯ ಕಚೇರಿಗೂ ವದಂತಿ ಮುಟ್ಟಿತ್ತು. 'ಜಪಾನೀ ಸ್ತ್ರೀ ಬಂಧನ, ಖಚಿತಪಡಿಸಿ' ಎಂದು ಸಂಪಾದಕರ ತಂತಿ ಬಂತು. ನಾನು ಸೈಕಲ್ ಹತ್ತಿದೆ.

ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಊರು ಸೇರಿದೆ. ಹೊಲದಲ್ಲಿ ಒಬ್ಬರೂ ಇರಲಿಲ್ಲ. ಗಂಡಸರೆಲ್ಲ ಗಾಡಿಚಕ್ರದ ಕೊಟ್ಟಿಗೆಯ ಮುಂದೆ ನಿಂತಿದ್ದರು. ಜಗಳಕ್ಕೆ ನಿಂತ ಜನ ಗಲಾಟೆ ಮಾಡುತ್ತಾರೆ, ಅದು ನನಗೆ ಹೊಸದಲ್ಲ. ಇವರು ಗಲಾಟೆ ಮಾಡುತ್ತಿರಲಿಲ್ಲ. ಕೆಲವರ ಕೈಯಲ್ಲಿ ಕಲ್ಲಿತ್ತು. ಕಲ್ಲು ಹಿಡಿದವರ ಮುಖದಲ್ಲಿ ಕೋಪಕ್ಕಿಂತ ಹೆಚ್ಚಾಗಿ ಹೆದರಿಕೆ ಇತ್ತು. ಅದನ್ನು ಕಂಡು ನನಗೂ ಹೆದರಿಕೆಯಾಯಿತು. ರಹಮತ್ತನ ಮನೆಯ ಬಾಗಿಲು ಮುಚ್ಚಿತ್ತು.

ಮುಂದೆ ನಿಂತಿದ್ದವನು ಪಕ್ಕದ ಮನೆಯ ಚಿಕ್ಕಣ್ಣ. ಏನಾಯಿತೆಂದು ಕೇಳಿದೆ.

"ಮೊನ್ನೆ ಇಮಾನ ಬಂತಲ್ಲ ಸೋಮಿ, ತಾಳೆಮರದ ಎತ್ರದಲ್ಲಿ? ನಮ್ಗೆ ಸದ್ದು ಕೇಳೋಕೆ ಮುಂಚೇನೆ ಇವಳು ಮನೆಯಿಂದ ಓಡ್ಬಂದ್ಳು. ತನ್ನ ಮಗೀನೂ ನನ್ನ ಮಗೀನೂ ಎಳ್ಕೊಂಡು ಚರಂಡಿಗೆ ಓದ್ಳು. ಮೈಮ್ಯಾಲೆ ಬಿದ್ದು ಅದುಮ್ಕೊಂಡ್ಳು ಕಣ್ರೀ! ಉಸ್ರು ಕಟ್ಟಿ ಮಗ್ಳು ಇನ್ನೂ ನಡುಗ್ತಾ ಅವ್ಳೆ. ಇಮಾನ ಬರೋದು ಇವಳಿಗೆ ಎಂಗೆ ಗೊತ್ತು? ಕರೆಸಿದೋಳೇ ಇವಳು!"

ಹಿಂದಿನಿಂದ ಯಾರೋ, "ಗಂಡಸರಂಗೆ ಪಂಚೆ ಸುತ್ಕೊತಾಳೆ. ಕಣ್ಣು ನೋಡು, ಗೀರಿದಂಗೆ" ಎಂದರು. "ನೀನ್ಯಾಕ್ಲಾ ಅಷ್ಟು ಅತ್ರ ಓಗಿ ನೋಡ್ದೆ?" ಎಂದು ಇನ್ನೊಬ್ಬ ಚುಚ್ಚಿದ. ಅಲ್ಲೊಬ್ಬರು ಇಲ್ಲೊಬ್ಬರು ನಕ್ಕರು. ನಗು ಕೂಡಲೇ ಸತ್ತಿತು.

ದಫೇದಾರರು ಪಟೇಲರನ್ನು ಕರೆದುಕೊಂಡು ಬಂದರು. ಸಿದ್ದೇಗೌಡರು ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಜನ ದಾರಿ ಬಿಟ್ಟರು. ಅವರು ಬಾಗಿಲ ಮುಂದೆ ನಿಂತು, "ಬೂಬಮ್ಮ, ನಿನ್ನ ಸೊಸೇನ ಈಚೆಗೆ ಕರಿ" ಎಂದರು. ಬೂಬಮ್ಮ ಎಂದದ್ದು ರಹಮತ್ತನ ತಾಯಿ ಹುಸೇನ್‌ಬಿಗೆ.

ಬಾಗಿಲು ತೆರೆಯಿತು. ಸಕೀನಾ ಮಗಳನ್ನು ಸೊಂಟಕ್ಕೆತ್ತಿಕೊಂಡು ಹೊಸ್ತಿಲ ಮೇಲೆ ನಿಂತಳು. ಎದುರಿಗಿದ್ದವರು ಊರಿನ ಹಿರಿಯರೆಂದು ಅವಳಿಗೆ ತಿಳಿದಿರಬೇಕು. ಎರಡೂ ಕೈ ಎದೆಗೆ ತಂದು, ತಲೆ ತಗ್ಗಿಸಿ, ಸ್ಪಷ್ಟವಾದ ದನಿಯಲ್ಲಿ ಪಟೇಲರಿಗೆ ಒಂದು ಮಾತು ಹೇಳಿದಳು.

ಅಲ್ಲಿದ್ದವರಿಗೆಲ್ಲ ಅದು "ಸಾಯಿ, ಬೀಳ್ಲಾ" ಎಂದು ಕೇಳಿಸಿತು. ನನಗೂ ಹಾಗೆಯೇ ಕೇಳಿಸಿತು.

ನಮ್ಮ ಸೀಮೆಯಲ್ಲಿ 'ಲಾ' ಎಂದರೆ ಗೆಳೆಯನಿಗೆ ಸಲಿಗೆ, ಹಿರಿಯನಿಗೆ ಕಪಾಳಮೋಕ್ಷ. ಪಟೇಲರನ್ನು ಊರಿನ ಮುಂದೆ ಯಾರೂ 'ಲಾ' ಅಂದವರಿಲ್ಲ. ಅದರ ಜೊತೆಗೆ ಸಾಯಿ, ಬೀಳು. ವಿಮಾನ ಬಂದು ಹೋದ ಮೂರನೆಯ ದಿನ!

"ಕೇಳುದ್ರಾ? ಸಾಯಿ ಬೀಳ್ಲಾ ಅಂದ್ಳು! ಕನ್ನಡ ಬತ್ತದೆ ಇವಳಿಗೆ, ಇಷ್ಟು ದಿನ ನಾಟಕ ಆಡವ್ಳೆ!" ಎಂದು ಚಿಕ್ಕಣ್ಣ ಕಿರುಚಿದ. ಒಂದು ಕಲ್ಲು ಬಂದು ಬಾಗಿಲ ಪಟ್ಟಿಗೆ ಬಡಿಯಿತು. ಮಗು ಚೀರಿತು. ದಫೇದಾರರು ಲಾಠಿ ಅಡ್ಡ ಹಿಡಿದರು, ಆದರೆ ಅವರು ಒಬ್ಬರೇ. ಪಟೇಲರ ಮುಖ ಕಪ್ಪಿಟ್ಟಿತ್ತು. ಅವರು ಬಾಯಿ ತೆರೆದರೆ ಇವಳ ಕಥೆ ಮುಗಿಯಿತು ಎಂದು ನನಗನಿಸಿತು.

ಆಗ ಹುಸೇನ್‌ಬಿ ಸೊಸೆಯನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು.

"ಅಯ್ಯೋ ಗೌಡ್ರೇ, ಅದು ಬೈಗುಳ ಅಲ್ಲ ಕಣ್ರೀ. ಊಟ ಆಯ್ತಾ ಅಂತ ಕೇಳ್ತಾವಳೆ."

"ನಿನ್ನ ಸೊಸೆ ಅಂತ ನೀನು ಅಂಗೇ ಏಳ್ತೀಯ ಬುಡು" ಎಂದ ಚಿಕ್ಕಣ್ಣ.

"ಸೊಸೆ ಅಂತ ಯಾವತ್ತು ಕರ್ದಿದ್ದೀನೋ ಚಿಕ್ಕಣ್ಣ? ಗೋಡೆಯಾಚೆ ಕೂತು ದಿನಾ ಕೇಳಿಸ್ಕೊತೀಯಲ್ಲ, ನೀನೇ ಹೇಳು!" ಮುದುಕಿಯ ದನಿ ಏರಿತು. "ನನ್ನ ತಮ್ಮನ ಮಗಳನ್ನ ತರ್ಬೇಕು ಅಂತ ಕಾಯ್ತಿದ್ದೆ. ಮಗ ಈ ಗೊತ್ತುಗುರಿ ಇಲ್ದೋಳ್ನ ತಂದ. ಇವಳ ಕೈ ಅನ್ನ ನಾನು ಇವತ್ಗೂ ಮುಟ್ಟಿಲ್ಲ. ಇವಳು ಮಾತ್ರ ದಿನಾ ತಟ್ಟೆ ತಂದು ನನ್ನ ಮುಂದೆ ಇಟ್ಟು ಇದೇ ಮಾತು ಕೇಳ್ತಾಳೆ. ನಾನು ಮುಖ ತಿರುಗಿಸ್ತೀನಿ. ಮಾರನೇ ದಿನ ಮತ್ತೆ ಕೇಳ್ತಾಳೆ. ಅವರ ದೇಶದಲ್ಲಿ ದೊಡ್ಡೋರ್ನ ಕಂಡ್ರೆ ಹಿಂಗೇ ಕೇಳೋದಂತೆ, ನಮ್ಮಲ್ಲಿ ಕೇಳ್ದಂಗೇನೇ. ರಹಮತ್ ಹೇಳವನೆ."

ಸೊಸೆ ಬೇಡವೆಂದಿದ್ದ ಅತ್ತೆಯೇ ಊರಿನ ಮುಂದೆ ಅದನ್ನು ಒಪ್ಪಿಕೊಂಡು ಅವಳ ಪರ ನಿಂತಿದ್ದಳು. ಅದಕ್ಕಿಂತ ಗಟ್ಟಿಯಾದ ಸಾಕ್ಷಿಯನ್ನು ನಾನು ಕೋರ್ಟುಗಳಲ್ಲೂ ಕಂಡದ್ದು ಕಡಿಮೆ. ಪಟೇಲರು ಸಕೀನಾಳ ಕಡೆ ನೋಡಿ, ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು ಸನ್ನೆ ಮಾಡಿದರು. ಅವಳು ತಲೆಯಾಡಿಸಿ ಅದೇ ಸನ್ನೆ ಮಾಡಿ ಅದೇ ಮಾತು ಮತ್ತೆ ಹೇಳಿದಳು. ಈಗ ನಿಧಾನವಾಗಿ ಕೇಳಿಸಿತು: "ಸಾ ಪೀ ಬೀ ಲಾ?"

"ಸರಿ, ಇಮಾನದ ವಿಚಾರ?" ಎಂದ ಚಿಕ್ಕಣ್ಣ. ಅವನ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ. ಹೆದರಿಕೆ ಹಾಗೇ ಇತ್ತು.

ಪಟೇಲರು ಹುಸೇನ್‌ಬಿಗೆ ಕೇಳಲು ಹೇಳಿದರು. ಮುದುಕಿ ಆಕಾಶ ತೋರಿಸಿ, ವಿಮಾನಕ್ಕೆ ಉರ್ದುವಿನಲ್ಲಿ ಹೇಳುವ ಹಾಗೆ, "ಹವಾಯೀ ಜಹಾಜ್" ಎಂದಳು, ಅಷ್ಟೆ. ಸಕೀನಾಳ ಕಣ್ಣು ಮೇಲೆ ಹೋಯಿತು. ಯಾರೂ ನಿರೀಕ್ಷಿಸದ ಹಾಗೆ ಅವಳು ಮಗಳೊಂದಿಗೆ ಅಂಗಳಕ್ಕೆ ಕುಸಿದು, ಮಗುವನ್ನು ತನ್ನ ಹೊಟ್ಟೆಯಡಿ ಮುಚ್ಚಿಕೊಂಡು, ಎರಡೂ ಕೈ ಅದರ ತಲೆಯ ಮೇಲಿಟ್ಟು ಬೋರಲು ಬಿದ್ದಳು. ಅಭಿನಯಕ್ಕೆಂದು ಮಾಡಿದ್ದಲ್ಲ. ವಿಮಾನ ಬರುತ್ತಿದೆ ಎಂದೇ ಅವಳು ತಿಳಿದಿದ್ದಳು. ಬಹಳ ಹೊತ್ತು ಏಳಲಿಲ್ಲ. ರಂಗೂನಿನಲ್ಲಿ ಹೀಗೆ ಮಲಗಿದವರು ಬದುಕಿದರು, ನಿಂತು ನೋಡಿದವರು ಸತ್ತರು ಎಂದು ರಹಮತ್ ನನಗೆ ಆಮೇಲೆ ವಿವರಿಸಿದ. ಆದರೆ ಅಲ್ಲಿ ಯಾರಿಗೂ ವಿವರಣೆ ಬೇಕಾಗಲಿಲ್ಲ. ಚಿಕ್ಕಣ್ಣ ಮಗುವಿನ ತಲೆಯ ಮೇಲಿದ್ದ ಆ ಕೈಗಳನ್ನೇ ನೋಡುತ್ತ ನಿಂತಿದ್ದ. ಅವನ ಮಗಳ ಮೇಲೆ ಅವಳು ಬಿದ್ದದ್ದೂ ಹೀಗೆಯೇ.

ಹುಸೇನ್‌ಬಿ ಬಗ್ಗಿ ಸೊಸೆಯ ತೋಳು ಹಿಡಿದು ಎಬ್ಬಿಸಿದಳು. ಅವಳು ಎದ್ದು ನಿಂತಾಗ ಪಟೇಲರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ನಂದು ಆಯ್ತು ಕಣವ್ವ. ನಿಂದಾಯ್ತಾ?"

'ಅವ್ವ' ಎಂದ ಮೇಲೆ ಊರಿನವರು ಕೈಯೆತ್ತುವಂತಿಲ್ಲ. ಕಲ್ಲುಗಳು ಒಂದೊಂದಾಗಿ ನೆಲಕ್ಕೆ ಬಿದ್ದವು.

ಹುಸೇನ್‌ಬಿಯೇ ಉತ್ತರ ಕೊಟ್ಟಳು: "ಎಲ್ಲಿ ಆಗಿರ್ತದೆ ಗೌಡ್ರೇ, ಗಂಡನ್ನ ಕರ್ಕೊಂಡು ಹೋದಾಗಿಂದ ನೀರೂ ಮುಟ್ಟಿಲ್ಲ." ಆಮೇಲೆ ಸೊಸೆಯ ಬೆನ್ನಿಗೆ ಕೈ ಹಾಕಿ ಒಳಗೆ ಕರೆದುಕೊಂಡು ಹೋದಳು. "ಈ ಹೆಂಗಸು ನಮ್ಮೂರಿನ ಸೊಸೆ, ಇಲ್ಲೇ ಇರಲಿ" ಎಂದು ಪಟೇಲರು ಹೇಳಿಕೆ ಕೊಟ್ಟರು. ಮಾರನೆಯ ದಿನ ರಹಮತ್ತನನ್ನು ಬಿಟ್ಟರು.

ನಾನು ಸಂಪಾದಕರಿಗೆ ತಂತಿ ಕಳಿಸಿದೆ: 'ಜಪಾನೀ ಸ್ತ್ರೀ ಇಲ್ಲ. ಬರ್ಮಾದಿಂದ ಮರಳಿದವನ ಪತ್ನಿ. ತಪ್ಪು ತಿಳಿವಳಿಕೆ ನಿವಾರಣೆ. ಯಾವುದೇ ಅಹಿತಕರ ಘಟನೆ ನಡೆದಿಲ್ಲ.' ಸುದ್ದಿಯಾಗಲು ಅದರಲ್ಲಿ ಏನೂ ಇರಲಿಲ್ಲ, ಅಚ್ಚಾಗಲಿಲ್ಲ.

ಆ ದಿನ ಅಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಸುಳ್ಳುಗಾರನನ್ನು ಹಿಡಿಯುವುದು ಬಾತ್ಮೀದಾರನಿಗೆ ಅಂಥ ಕಷ್ಟವಲ್ಲ. ಹೆದರಿದವರು ತಮ್ಮ ಕಿವಿಯಾರೆ ಕೇಳಿದ್ದನ್ನು ಪ್ರಾಮಾಣಿಕವಾಗಿ ಹೇಳುವಾಗ ಎಡವದಿರುವುದು ಕಷ್ಟ. ಅಂದಿನಿಂದ ಒಬ್ಬರು ಹೀಗೆ ಹೇಳಿದರು ಎಂದು ಬರೆಯುವ ಮುನ್ನ, ಅದನ್ನು ಯಾವ ಭಾಷೆಯಲ್ಲಿ ಹೇಳಿದರು, ಅರ್ಥ ಹೇಳಿದವರು ಯಾರು ಎಂದು ಕೇಳುವುದು ನನಗೆ ಅಭ್ಯಾಸವಾಯಿತು.

ಸುಮಾರು ಒಂದು ವರ್ಷದ ಮೇಲೆ ರಹಮತ್ ಹುಣಸೂರಿನಲ್ಲಿ ಸಿಕ್ಕ. ಹೆಂಡತಿ ಹೇಗಿದ್ದಾಳೆ ಎಂದೆ. "ಕನ್ನಡ ಚೆನ್ನಾಗಿ ಬತ್ತದೆ ಸಾರ್. ಅಮ್ಮನ ಜೊತೇಲಿ ಜಗಳನೂ ಆಡ್ತಾಳೆ" ಎಂದು ನಕ್ಕ. ಬರ್ಮೀ ಮಾತು ಈಗ ಮನೆಯಲ್ಲಿ ನಿಮ್ಮಿಬ್ಬರ ನಡುವೆ ಮಾತ್ರ ಇರಬೇಕು ಎಂದೆ. ಅವನ ನಗು ನಿಂತಿತು. "ಇಲ್ಲ ಸಾರ್. ಅವತ್ನಿಂದ ಒಂದು ಮಾತೂ ಆಡಿಲ್ಲ. ನಾನು ಆ ಭಾಷೇಲಿ ಕರೆದ್ರೆ ಎದ್ದೋಗಿ ಬಾಗಿಲು ಹಾಕಿ ಬತ್ತಾಳೆ, ಯಾರಾದ್ರೂ ಕೇಳಿಸ್ಕೊಂಡಾರು ಅಂತ. ಮಗಳಿಗೂ ಮರ್ತೋಯ್ತು."

ಆಮೇಲೆ ಮೂವತ್ತು ವರ್ಷ ನಾನು ಸುದ್ದಿ ಬರೆದೆ. 'ಯಾವುದೇ ಅಹಿತಕರ ಘಟನೆ ನಡೆದಿಲ್ಲ' ಎಂಬ ಸಾಲನ್ನು ಮತ್ತೆ ಬರೆಯಲಿಲ್ಲ.