ತಾಸಿಗೆ ಅರವತ್ತೊಂದು ರೂಪಾಯಿ

ಹೆಂಡತಿಯ ಅಣ್ಣ ಕುಂದಗೋಳದ ತನ್ನ ಗೊಬ್ಬರದ ಅಂಗಡಿಯಲ್ಲಿ ನನಗೊಂದು ಕುರ್ಚಿ ಗೊತ್ತು ಮಾಡಿದ್ದ. ತಾಸಿಗೆ ಅರವತ್ತು ರೂಪಾಯಿ ಬೀಳುವಂಥ ಪಗಾರ. ಸೋಮವಾರದೊಳಗೆ ಉತ್ತರ ಹೇಳಬೇಕಿತ್ತು. ಸಂಶಿಯಲ್ಲಿ ಹದಿನಾರು ವರ್ಷ ಕ್ಯಾಮೆರಾ ಹೊತ್ತವನು ಇನ್ನು ಯೂರಿಯಾ ಚೀಲ ಎಣಿಸಬೇಕೋ ಬೇಡವೋ ಎಂಬ ವಿಚಾರಣೆ ರವಿವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಆರಂಭವಾಯಿತು. ನ್ಯಾಯಾಧೀಶೆ ಹೆಂಡತಿ. ಜಂಪರ್ ಹೊಲಿಯುವವಳು, ಯಾವ ಕೆಲಸ ಎಷ್ಟು ಹೊತ್ತು ತಿನ್ನುತ್ತದೆಂದು ಬಲ್ಲವಳು.

"ಕುಬಿಹಾಳದಾಗ ಕೂಸಿಗೆ ಹೆಸರಿಟ್ರಲ್ಲ, ಅದನ್ನ ಹಿಡೀರಿ. ಕೈಯಾಗ ಉಳಿದದ್ದೆಷ್ಟು?"

"ಮೂರು ಸಾವಿರದಾಗ ಆಲ್ಬಮ್ಮಿಗೆ ಹದಿನೇಳುನೂರು, ಪೆಟ್ರೋಲಿಗೆ ಇನ್ನೂರು ಹೋತು. ಹನ್ನೊಂದುನೂರು ಉಳೀತು."

ಕ್ಯಾಮೆರಾದ ಸವಕಳಿ ಹಿಡಿಯಲಿಲ್ಲ. ಅದು ಸವೆಯುವಷ್ಟು ಸವೆದಾಗಿತ್ತು. ಕೆಲಸವಿಲ್ಲದ ದಿನಗಳ ವಿಷಯ ಮಂಡಿಸಲು ಸಭೆಯಲ್ಲಿ ಯಾರೂ ಮುಂದಾಗಲಿಲ್ಲ. ಕುಬಿಹಾಳದಲ್ಲಿ ಒಂಬತ್ತು ತಾಸು, ಕಂಪ್ಯೂಟರ್ ಮುಂದೆ ಎಂಟು, ಆಲ್ಬಮ್ಮಿಗಾಗಿ ಹುಬ್ಬಳ್ಳಿಗೆ ಹೋಗಿಬರಲು ಐದು. ಒಟ್ಟು ಇಪ್ಪತ್ತೆರಡು. ತಾಸಿಗೆ ಐವತ್ತು. ಅಂಗಡಿ ಗೆದ್ದಿತು.

"ಒಂದು ಹೆಸರಿಡಾಕ ಒಂಬತ್ತು ತಾಸ್ ಯಾಕ್ರಿ?"

ಹೆಸರು ಹೇಳಬೇಕಾದ ಸೋದರತ್ತೆಗೆ ಬಸ್ಸು ತಪ್ಪಿತ್ತು. ಅವಳು ಕೂಸಿನ ಕಿವಿಯಲ್ಲಿ ಹೆಸರು ಉಸುರುವುದು, ಹೆಂಗಸರೆಲ್ಲ ರೂಢಿಯಂತೆ ಅವಳ ಬೆನ್ನಿಗೆ ಗುದ್ದುವುದು. ಆ ಫೋಟೊ ಇಲ್ಲದೆ ನಾನು ಬರುವಂತಿರಲಿಲ್ಲ. ಅಷ್ಟರಲ್ಲಿ ಆ ಮನೆಯ ಅಜ್ಜಿ, "ತಮ್ಮಾ, ಆ ಕ್ಯಾಮೆರಾ ಬಾಜೂಕ ಇಟ್ಟು ಉಣ್ಣು" ಎಂದು ಹೋಳಿಗೆ ಬಡಿಸಿ, ಬೇಡವೆಂದಷ್ಟೂ ತುಪ್ಪ ಸುರಿದಳು. ಉಂಡ ಮೇಲೆ ಚಾಪೆ ಹಾಸಿ ಮಲಗಿಸಿದಳು. ಕೂಸಿಗಿಂತ ಮೊದಲು ನಿದ್ದೆ ಹೋದವನು ನಾನು. ಗುರುತಿಲ್ಲದವನನ್ನು ಹೀಗೆ ಸಾಕುವ ಮನೆಗಳು ಸುತ್ತಲೂ ಇರುವುದರಿಂದಲೇ ಈ ವೃತ್ತಿಯಲ್ಲಿ ನನ್ನ ತೂಕ ಇಳಿದಿಲ್ಲ.

ಇದನ್ನೆಲ್ಲ ನ್ಯಾಯಾಲಯದ ಮುಂದೆ ಒಪ್ಪಿಕೊಂಡೆ.

"ಅಂದ್ರ ನಾಕ್ ತಾಸು ಉಂಡು ಮಲಗೀರಿ. ಅದಕ್ಕೂ ಕೂಲಿ ಬೇಕೇನ್ರಿ ನಿಮಗ?"

ಲೆಕ್ಕ ಬರೆದ ಚೀಟಿಯಲ್ಲಿ ನಾಲ್ಕನ್ನು ಹೊಡೆದು ಹಾಕಿದಳು. ಉಳಿದದ್ದು ಹದಿನೆಂಟು. ತಾಸಿಗೆ ಅರವತ್ತೊಂದು ರೂಪಾಯಿ, ಮೇಲೆ ಚಿಲ್ಲರೆ. ಅಲ್ಲೇ ಅಣ್ಣನಿಗೆ ಫೋನು ಹಚ್ಚಿದಳು.

"ಅಣ್ಣಾ, ಲೆಕ್ಕಾ ಹಾಕೀವಿ. ನಿನ್ನ ಅಂಗಡಿ ತಾಸಿಗೆ ಒಂದು ರೂಪಾಯಿ ಕಡಿಮಿ ಬಿತ್ತು. ಬ್ಯಾರೆ ಯಾರನ್ನರ ನೋಡು."

ಕಂಪ್ಯೂಟರ್ ಮುಂದಿನ ಎಂಟು ತಾಸೂ ಅವಳು ನನ್ನ ಪಕ್ಕದಲ್ಲೇ ಇದ್ದಳು. ಕಣ್ಣು ಮುಚ್ಚಿದವರ ಫೋಟೊಗಳನ್ನೆಲ್ಲ ಹುಡುಕಿ ತೆಗೆಸಿದವಳು ಅವಳೇ. ಅವಳ ಆ ಎಂಟು ತಾಸು ಚೀಟಿಯ ಮೇಲೆ ಎಲ್ಲೂ ಇರಲಿಲ್ಲ.

"ನಿನ್ನ ತಾಸು ಹಿಡದೇ ಇಲ್ಲಲ್ಲ," ಎಂದೆ.

"ಅಂಗಡಿಗೆ ಹೋಗೂ ಮನಸ್ಸೈತೇನ್ರಿ ನಿಮಗ? ಸುಮ್ನ ಕುಂಡರ್ರಿ."